'ಇತರೆ' ಎಂಬ ಬಟನ್ ಬಗ್ಗೆ ಮುಖ್ಯ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮುಖ್ಯ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಸರ್ಕಾರಿ ಅರ್ಜಿ, ಪೋರ್ಟಲ್ ಮತ್ತು ಪತ್ರಿಕಾ ಪ್ರಕಟಣೆಗಳಲ್ಲಿ ಜನರ ಲಿಂಗ ಗುರುತನ್ನು ಬರೆಯುವ ರೀತಿ ಸರಿಪಡಿಸುವ ಕುರಿತು

ಮಾನ್ಯರೇ,

ನಾನು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರಿನಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಕೇಂದ್ರ ನಡೆಸುತ್ತೇನೆ. ಆದಾಯ ಪ್ರಮಾಣಪತ್ರ, ಪಿಂಚಣಿ, ರೇಷನ್ ಕಾರ್ಡ್, ಸ್ಕಾಲರ್‌ಶಿಪ್, ನೌಕರಿ ಅರ್ಜಿ, ಹೀಗೆ ಜನಕ್ಕೆ ಏನು ಬೇಕೋ ಅದು. ನೀವು ಬೆಂಗಳೂರಿನಲ್ಲಿ ಕೂತು ಒಂದು ನಮೂನೆ ಮಾಡುತ್ತೀರಿ. ಅದು ಜನರ ಎದುರಿಗೆ ಬರುವುದು ನನ್ನಂಥವರ ಟೇಬಲ್ ಮೇಲೆ. ಹೆಸರು, ಹುಟ್ಟಿದ ದಿನ ಆದಮೇಲೆ ಬರುವ ಕಾಲಂ ಲಿಂಗದ್ದು. ಈ ಪತ್ರ ಆ ಕಾಲಂ ಬಗ್ಗೆ, ಮತ್ತೆ ಅದರ ಅಕ್ಕಪಕ್ಕದ ಎರಡು ಮೂರು ಕಾಲಂಗಳ ಬಗ್ಗೆ.

ನಮ್ಮ ರಾಜ್ಯ ಟ್ರಾನ್ಸ್‌ಜೆಂಡರ್ ಜನರಿಗೆ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. 2017ರಲ್ಲಿ ನೀತಿ ಬಂತು. 2021ರಲ್ಲಿ ಸರ್ಕಾರಿ ನೌಕರಿಯಲ್ಲಿ 1% ಸಮತಲ ಮೀಸಲಾತಿ (ಅಂದರೆ ಪ್ರತಿ ಮೀಸಲು ವರ್ಗದ ಒಳಗೂ ಅನ್ವಯಿಸುವಂಥದ್ದು) ಬಂತು, ದೇಶದಲ್ಲೇ ಮೊದಲು ಅಂತ ಹೆಮ್ಮೆಯಿಂದ ಹೇಳಿಕೊಂಡೆವು. ಮೈತ್ರಿ ಪಿಂಚಣಿ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರ ಜೊತೆ ಇವರಿಗೂ ಬಸ್ಸು ಉಚಿತ. ಎಲ್ಲಾ ಸರಿ. ಆದರೆ ಇಷ್ಟೆಲ್ಲಾ ಕೊಡುವಾಗ ಅವರನ್ನು ಏನಂತ ಬರೆಯಬೇಕು ಅನ್ನುವುದನ್ನು ಅವರನ್ನೇ ಕೇಳಿ ಬರೆದ ಹಾಗೆ ನಿಮ್ಮ ನಮೂನೆಗಳು ಕಾಣಿಸುವುದಿಲ್ಲ. ಒಂದೊಂದು ಇಲಾಖೆಗೆ ಒಂದೊಂದು ಪದ. ಆ ಪದ ಹೊಂದದೇ ಹೋದಾಗ ತಿರುಗಾಡುವವರು ಅರ್ಜಿದಾರರು, ಬೈಸಿಕೊಳ್ಳುವವನು ನಾನು.

ಒಬ್ಬರದೇ ಕಾಗದಗಳನ್ನು ತೆಗೆದುಕೊಂಡು ನೋಡಿ. ಆಧಾರ್‌ನಲ್ಲಿ 'ಟ್ರಾನ್ಸ್‌ಜೆಂಡರ್' ಅಂತ ಆಯ್ಕೆ ಇದೆ. ಪಾನ್ ಕಾರ್ಡ್ ಅರ್ಜಿಗೆ ಅದೇ ಪದ 2018ರಲ್ಲಿ ಬಂತು. ಮತದಾರರ ಪಟ್ಟಿಯ ನಮೂನೆ 6ರಲ್ಲಿ 'ತೃತೀಯ ಲಿಂಗ'. ರಾಜ್ಯದ ನೌಕರಿ ಅರ್ಜಿಗೆ ಬಂದರೆ 'ಇತರೆ', ಯಾಕಂದರೆ 2021ರ ನಿಯಮದಲ್ಲೇ ಗಂಡು, ಹೆಣ್ಣು ಜೊತೆಗೆ 'ಇತರೆ' ಕಾಲಂ ಇರಬೇಕು ಅಂತ ಬರೆದಿದ್ದೀರಿ. ಯೋಜನೆಗಳ ಆದೇಶದಲ್ಲಿ 'ಲಿಂಗತ್ವ ಅಲ್ಪಸಂಖ್ಯಾತರು'. ಪೇಪರ್‌ನಲ್ಲಿ ಸುದ್ದಿ ಬಂದಾಗ 'ಮಂಗಳಮುಖಿ'. ಮನುಷ್ಯರು ಒಬ್ಬರೇ. ಒಂದು ಕಾಗದಕ್ಕೂ ಇನ್ನೊಂದಕ್ಕೂ ತಾಳೆ ಇಲ್ಲ ಅಂತ ಒಂದು ಕಚೇರಿಯಲ್ಲಿ ಅರ್ಜಿ ವಾಪಸ್ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಗುಮಾಸ್ತರನ್ನು ಪೂರ್ತಿ ದೂರುವುದಕ್ಕೂ ಆಗಲ್ಲ. ಅವರಿಗೆ ಪರದೆ ಮೇಲೆ ಕಂಡದ್ದೇ ಕಾನೂನು.

'ಅಲ್ಪಸಂಖ್ಯಾತ' ಅನ್ನುವ ಪದದ ಫಜೀತಿ ಕೇಳಿದರೆ ನೀವು ನಗಬಹುದು. ನಮ್ಮಲ್ಲಿಗೆ ಬರುವ ಒಬ್ಬರು 'ಲಿಂಗತ್ವ ಅಲ್ಪಸಂಖ್ಯಾತರು' ಅಂತ ಬರೆದ ಅರ್ಜಿ ಹಿಡಿದುಕೊಂಡು ಒಂದು ಕಚೇರಿಗೆ ಹೋದರೆ, ಅಲ್ಲಿದ್ದವರು ಅಲ್ಪಸಂಖ್ಯಾತ ಅಂದಮೇಲೆ ಧರ್ಮದ ಪ್ರಮಾಣಪತ್ರ ತನ್ನಿ ಅಂದರಂತೆ. ಇವರು ಹಣೆಗೆ ಭಂಡಾರ, ಕೊರಳಲ್ಲಿ ಯಲ್ಲಮ್ಮನ ಮುತ್ತು ಹಾಕಿಕೊಂಡವರು.

ಮುತ್ತಿನ ಮಾತು ಬಂತಲ್ಲ, ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಕಡೆ ಸವದತ್ತಿ ಯಲ್ಲಮ್ಮ, ಹುಲಿಗಿಯ ಹುಲಿಗೆಮ್ಮನ ಒಕ್ಕಲು ಜಾಸ್ತಿ. ಗಂಡಾಗಿ ಹುಟ್ಟಿ, ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟು, ಚೌಡಿಕೆ ವಾದ್ಯ ಹಿಡಿದು, ಕೊಡ ಹೊತ್ತು ಕುಣಿಯುವ ಜೋಗಪ್ಪಂದಿರು ಇಲ್ಲಿಯವರಿಗೆ ಹೊಸಬರಲ್ಲ. ಮಂಜಮ್ಮ ಜೋಗತಿ ಅವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿ ಭವನದ ತನಕ ಹೋದ 'ಜೋಗತಿ' ಅನ್ನುವ ಗುರುತಿಗೆ ನಿಮ್ಮ ಪೋರ್ಟಲ್‌ನಲ್ಲಿ ಜಾಗ ಇಲ್ಲ. ನನ್ನ ಎದುರು ಕೂತ ಹಿರಿಯ ಜೋಗಪ್ಪ ಒಬ್ಬರು "ನಾನು ಹಿಜ್ರಾ ಅಲ್ಲಪ್ಪ, ಮಂಗಳಮುಖಿನೂ ಅಲ್ಲ, ಅಮ್ಮನ ಜೋಗಪ್ಪ ಅಂತ ಬರಿ" ಅಂದರೆ ನಾನು ಎಲ್ಲಿ ಬರೆಯಲಿ? ಕೆಳಗೆ ಎಳೆದರೆ ಮೂರೇ ಸಾಲು. 2019ರ ಕೇಂದ್ರ ಕಾಯ್ದೆ ಬಂದಾಗ ಅದರ ಅರ್ಥವಿವರಣೆಯಲ್ಲೇ ಹಿಜ್ರಾ, ಕಿನ್ನರ್, ಅರವಾಣಿ ಜೊತೆ 'ಜೋಗ್ತಾ' ಅನ್ನುವ ಗುರುತನ್ನು ಹೆಸರಿಟ್ಟು ಸೇರಿಸಿದ್ದರು. ದಿಲ್ಲಿಯಲ್ಲಿ ಕೂತವರಿಗೆ ನಮ್ಮ ಯಲ್ಲಮ್ಮನ ಗುಡ್ಡದವರ ಹೆಸರು ನೆನಪಾಯಿತು, ಬೆಂಗಳೂರಿನ ನಮೂನೆಗೆ ಆಗಲಿಲ್ಲ.

ಹಾಗಂತ ಎಲ್ಲರೂ ಜೋಗಪ್ಪ ಅಲ್ಲ. ಹಿಜ್ರಾ ಜಮಾತಿನಲ್ಲಿ, ಅಂದರೆ ಅವರದೇ ಸಮುದಾಯದ ಕೂಟದಲ್ಲಿ, ಗುರು-ಚೇಲಾ (ಶಿಷ್ಯ) ಸಂಬಂಧದಲ್ಲಿ ಬದುಕುವವರಿದ್ದಾರೆ. ಹುಟ್ಟಿದಾಗ ಗಂಡು ಅಂತ ಬರೆಸಿದ್ದರೂ, ಕಾಲೇಜು ಓದಿ "ನಾನು ಟ್ರಾನ್ಸ್ ಮಹಿಳೆ" ಅನ್ನುವ ಹುಡುಗಿಯರಿದ್ದಾರೆ. ಹುಟ್ಟಿದಾಗ ಹೆಣ್ಣು ಅಂತ ಬರೆಸಿ, ಬೆಳೆದಮೇಲೆ ಗಂಡಸಾಗಿ ಬದುಕುವ ಟ್ರಾನ್ಸ್ ಪುರುಷರಿದ್ದಾರೆ. ಮಂಗಳಮುಖಿ ಅಂದ ಕೂಡಲೇ ಇವರು ಲೆಕ್ಕದಿಂದಲೇ ಹೊರಗೆ. ಗಡ್ಡ ಬಿಟ್ಟ ಹುಡುಗನಿಗೆ ಮಂಗಳಮುಖಿ ಅನ್ನೋಕಾಗುತ್ತಾ? ಹುಟ್ಟುವಾಗಲೇ ದೇಹದ ಲಕ್ಷಣ ಬೇರೆ ಇರುವ ಅಂತರಲಿಂಗಿ ಮಕ್ಕಳ ವಿಷಯ ಇನ್ನೂ ಬೇರೆ. ಮಂಗಳಮುಖಿ ಅನ್ನುವುದನ್ನು ಗೌರವದಿಂದಲೇ ಬಳಸಲು ಶುರು ಮಾಡಿದ್ದಾರೆ, ಅದನ್ನು ಇಷ್ಟಪಟ್ಟು ಹೇಳಿಕೊಳ್ಳುವವರೂ ಇದ್ದಾರೆ, ಅವರ ಬಾಯಿಂದ ಅದನ್ನು ಕಿತ್ತುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಒಂದೇ ಅಳತೆಯ ಅಂಗಿಯನ್ನು ಎಲ್ಲರಿಗೂ ತೊಡಿಸಬೇಡಿ ಅಂತ ಅಷ್ಟೇ.

ಈಗ ಬರುವುದು ನಿಜವಾದ ಗಂಟು. ಟ್ರಾನ್ಸ್ ಮಹಿಳೆಯರಲ್ಲಿ ಎಷ್ಟೋ ಜನ 'ಇತರೆ' ಬೇಡ, 'ತೃತೀಯ' ಬೇಡ, 'ಮಹಿಳೆ' ಅಂತಲೇ ಹಾಕಿ ಅನ್ನುತ್ತಾರೆ. ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದಲ್ಲಿ ಕೊಟ್ಟ ತೀರ್ಪಿನಲ್ಲಿ ಇದೇ ಮಾತಿದೆ. ಗಂಡು, ಹೆಣ್ಣು ಅಥವಾ ಮೂರನೇ ಲಿಂಗ, ತಾನು ಯಾರು ಅಂತ ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದು, ಅದಕ್ಕೆ ಆಪರೇಷನ್ ಆಗಿರಬೇಕು ಅಂತ ಒತ್ತಾಯಿಸಬಾರದು ಅಂತ. ಸರಿ, ಅವರು ಹೇಳಿದ ಹಾಗೆ ನಾನು 'ಮಹಿಳೆ' ಒತ್ತಿದೆ ಅಂದುಕೊಳ್ಳಿ. ಆಗ ಟ್ರಾನ್ಸ್‌ಜೆಂಡರ್ ಜನರಿಗೆ ಇರುವ ಪಿಂಚಣಿ, ಮೀಸಲಾತಿ ಕೈ ತಪ್ಪುತ್ತದೆ. ಸೌಲಭ್ಯ ಬೇಕು ಅಂದರೆ 'ಇತರೆ' ಒತ್ತಬೇಕು. ಅಂದರೆ ಸರ್ಕಾರ ಹೇಳುತ್ತಿರುವುದು ಏನು? ಹೆಣ್ಣಾಗಿ ಇರು, ಇಲ್ಲವೇ ಪಿಂಚಣಿ ತಗೋ, ಎರಡೂ ಸಿಗಲ್ಲ ಅಂತ. ಅರವತ್ತರ ಹತ್ತಿರ ಬಂದ ಒಬ್ಬರು ನನ್ನ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಯೋಚನೆ ಮಾಡಿ, ಕೊನೆಗೆ "ಪಿಂಚಣಿದೇ ಒತ್ತು ತಮ್ಮಾ, ಹೊಟ್ಟೆ ಮುಖ್ಯ" ಅಂದರು. ಇಂಥ ಆಯ್ಕೆಯನ್ನು ಒಂದು ನಮೂನೆ ಯಾರ ಮುಂದೂ ಇಡಬಾರದು.

ಇದಕ್ಕೆ ಪರಿಹಾರ ಬಹಳ ಕಷ್ಟದ್ದೇನಲ್ಲ. ಒಂದು ಪ್ರಶ್ನೆಯನ್ನು ಎರಡು ಮಾಡಿ. ಮೊದಲನೆಯದು ಲಿಂಗ: ಮಹಿಳೆ, ಪುರುಷ, ಟ್ರಾನ್ಸ್‌ಜೆಂಡರ್, ಇವು ಯಾವುದೂ ಅಲ್ಲದಿದ್ದರೆ ಅವರೇ ಬರೆಯಲು ಒಂದು ಖಾಲಿ ಸಾಲು. ಜೋಗಪ್ಪ ಅಂತ ಬರೆಯುವವರು ಅಲ್ಲಿ ಬರೆಯಲಿ. ಎರಡನೆಯದು, ಸೌಲಭ್ಯ ಇರುವ ಅರ್ಜಿಗಳಲ್ಲಿ ಮಾತ್ರ: ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗಾಗಿ ಇರುವ ಸೌಲಭ್ಯ ಕೇಳುತ್ತಿದ್ದೀರಾ, ಹೌದು ಅಥವಾ ಇಲ್ಲ. ಅಂಗವಿಕಲರ ಮೀಸಲಾತಿಗೆ, ಮಾಜಿ ಸೈನಿಕರಿಗೆ, ಗ್ರಾಮೀಣ ಅಭ್ಯರ್ಥಿಗಳ ಮೀಸಲಾತಿಗೆ ಹೀಗೇ ಪ್ರತ್ಯೇಕ ಪ್ರಶ್ನೆ ಕೇಳುತ್ತೀರಿ. ಅದಕ್ಕೆ ಯಾರೂ ಲಿಂಗದ ಕಾಲಂ ಬದಲಾಯಿಸಬೇಕಿಲ್ಲ.

ಹೆಸರಿನ ಹಿಂದಿನ 'ಶ್ರೀ/ಶ್ರೀಮತಿ/ಕುಮಾರಿ' ಕಡ್ಡಾಯ ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಅದು ಇಲ್ಲದೇ ಯಾವ ಆದಾಯವೂ ಪ್ರಮಾಣವಾಗದೇ ಹೋಗುವುದಿಲ್ಲ. ಅದರ ಪಕ್ಕದಲ್ಲಿ 'ಬಿನ್/ಕೋಂ'. ಯಾರ ಮಗ, ಯಾರ ಹೆಂಡತಿ. ಮನೆಯಿಂದ ಹೊರಗೆ ಹಾಕಿಸಿಕೊಂಡು ಹದಿನೈದು ಹದಿನಾರಕ್ಕೇ ಗುರುವಿನ ಮನೆ ಸೇರಿದವರು ಇಲ್ಲಿ ಯಾರ ಹೆಸರು ಹೇಳಬೇಕು? ಚುನಾವಣಾ ಆಯೋಗದವರು ಇದನ್ನು ಯೋಚಿಸಿದ್ದಾರೆ. ನಮೂನೆ 6ರಲ್ಲಿ ಸಂಬಂಧಿಕರ ಹೆಸರು ಕೇಳುವ ಕಡೆ ತಂದೆ, ತಾಯಿ, ಗಂಡ, ಹೆಂಡತಿ ಜೊತೆಗೆ, ತೃತೀಯ ಲಿಂಗದವರಾದರೆ ಗುರುವಿನ ಹೆಸರು ಕೊಡಬಹುದು ಅಂತ ಹಾಕಿದ್ದಾರೆ. ಒಂದು ಕೇಂದ್ರ ಸಂಸ್ಥೆ ಇಡೀ ದೇಶದ ನಮೂನೆಯಲ್ಲಿ 'ಗುರು' ಅಂತ ಸೇರಿಸಬಹುದಾದರೆ ನಮ್ಮ ರಾಜ್ಯದ ಅರ್ಜಿಯಲ್ಲಿ ಅದು ಯಾಕೆ ಆಗಬಾರದು?

ಇನ್ನು ಸಲಿಂಗಿಗಳ ವಿಷಯ. ಇದನ್ನು ಬರೆಯಲು ಕಾರಣ ಇದೆ. ಒಂದು ಖಾಸಗಿ ಕಾಲೇಜಿನ ಪ್ರವೇಶ ಅರ್ಜಿ ತುಂಬುವಾಗ ಲಿಂಗದ ಕಾಲಂನಲ್ಲಿ 'ಪುರುಷ, ಮಹಿಳೆ, ಎಲ್‌ಜಿಬಿಟಿ' ಅಂತ ಇತ್ತು. ಎಲ್‌ಜಿಬಿಟಿ ಅಂದರೆ ಸಲಿಂಗಿಗಳು, ಬೈಸೆಕ್ಷುಯಲ್‌ಗಳು, ಟ್ರಾನ್ಸ್‌ಜೆಂಡರ್ ಜನ ಎಲ್ಲರನ್ನೂ ಒಟ್ಟಿಗೆ ಹೇಳುವ ಇಂಗ್ಲಿಷ್ ಚುಟುಕು ಹೆಸರು. ಮಾಡಿದವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಯಾರನ್ನು ಪ್ರೀತಿಸುತ್ತೀರಿ ಅನ್ನುವುದು ಬೇರೆ, ನೀವು ಗಂಡೋ ಹೆಣ್ಣೋ ಮತ್ತೊಂದೋ ಅನ್ನುವುದು ಬೇರೆ. ಗಂಡಸನ್ನು ಪ್ರೀತಿಸುವ ಗಂಡಸು ಗಂಡಸೇ. ಅವನ ಲಿಂಗ 'ಎಲ್‌ಜಿಬಿಟಿ' ಹೇಗಾಗುತ್ತದೆ? ಜೊತೆಗೆ, ಬಿ.ಕಾಂ. ಸೀಟು ಕೊಡಲು ಆ ಹುಡುಗ ಯಾರನ್ನು ಇಷ್ಟಪಡುತ್ತಾನೆ ಅಂತ ಕಾಲೇಜಿಗೆ ಯಾಕೆ ಬೇಕು? ಒಳಗೊಳ್ಳುವುದು ಅಂದರೆ ಎಲ್ಲರಿಗೂ ಒಂದು ಚೀಟಿ ಅಂಟಿಸುವುದು ಅಂತ ಕೆಲವರು ತಿಳಿದ ಹಾಗಿದೆ. ಎಷ್ಟೋ ಕಡೆ ಆ ಪ್ರಶ್ನೆಯನ್ನೇ ಕೇಳದಿರುವುದು ಜಾಸ್ತಿ ಮರ್ಯಾದೆ.

ಕೇಳಲೇಬೇಕಾದ ಕಡೆ ಮಾತ್ರ ಪದ ಇಲ್ಲ, ಅದು ಇನ್ನೊಂದು ತಮಾಷೆ. ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. 2023ರ ಅಕ್ಟೋಬರ್‌ನಲ್ಲಿ ಮದುವೆಯ ಹಕ್ಕು ಕೊಡಲಿಲ್ಲ, ಅದು ಬೇರೆ ಚರ್ಚೆ. ಆಮೇಲೆ 2024ರಲ್ಲಿ ಕೇಂದ್ರದವರು, ಜೊತೆಯಾಗಿ ಬದುಕುವ ಇಂಥ ಸಂಗಾತಿಗಳನ್ನು ರೇಷನ್ ಕಾರ್ಡಿಗೆ ಒಂದೇ ಮನೆಯವರು ಅಂತ ಪರಿಗಣಿಸಿ, ಜಂಟಿ ಬ್ಯಾಂಕ್ ಖಾತೆಗೂ ಅಡ್ಡಿ ಇಲ್ಲ ಅಂತ ತಿಳಿಸಿದರು. ಈಗ ಇಬ್ಬರು ಹೆಣ್ಣುಮಕ್ಕಳು ಒಂದೇ ಕಾರ್ಡಿಗೆ ಬಂದರೆ ಸಂಬಂಧದ ಕಾಲಂನಲ್ಲಿ ಏನು ಹಾಕಬೇಕು? ಹೆಂಡತಿ, ಮಗಳು, ಸೊಸೆ, ನಾದಿನಿ, ಅತ್ತೆ ಇವೆ. ಕೊನೆಯಲ್ಲಿ ಮತ್ತೆ ಅದೇ 'ಇತರೆ'. ಅಲ್ಲಿ 'ಸಂಗಾತಿ' ಅಂತ ಒಂದು ಸಾಲು ಸೇರಿಸಿ. ಗಂಡಿಗೂ ಹೆಣ್ಣಿಗೂ ಎಲ್ಲರಿಗೂ ಹೊಂದುವ ಮಾತು, ನಮ್ಮ ಅಜ್ಜಿಯಂದಿರಿಗೂ ಗೊತ್ತಿರುವ ಮಾತು.

ಮಾನ್ಯರೇ, ಸರ್ಕಾರದ ಒಂದು ಪದ ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಕಣ್ಣೆದುರಿಗಿದೆ. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಅಂತ ಒಂದು ಕಲಂ ಸೇರಿಸಿದರು. ಇಂಗ್ಲಿಷಿನಲ್ಲಿ 'ಯೂನಕ್' (ನಪುಂಸಕ) ಅನ್ನುವ ಹಳೇ ಪದ ಹಾಕಿ, ಮಕ್ಕಳನ್ನು ಕದಿಯುತ್ತಾರೆ ಅಂತ ಸಂಶಯ ಇರುವವರ ಪಟ್ಟಿಯನ್ನು ಪೊಲೀಸರು ಇಟ್ಟುಕೊಳ್ಳಬಹುದು ಅಂದರು. ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಮಾಡಿದ್ದೂ ಇದನ್ನೇ. ಕಳ್ಳತನ ಯಾರು ಬೇಕಾದರೂ ಮಾಡಬಹುದು, ಆದರೆ ಕಾನೂನಿನಲ್ಲಿ ಹೆಸರು ಬಂದಿದ್ದು ಒಂದು ಸಮುದಾಯದ್ದು. ಅದನ್ನು ಸಮುದಾಯದವರೇ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಕೊನೆಗೆ 2016ರಲ್ಲಿ ಆ ಪದ ತೆಗೆದು 'ವ್ಯಕ್ತಿ' ಅಂತ ಮಾಡಿದರು. ಒಂದು ಪದ ಬದಲಾಯಿಸಲು ಕೋರ್ಟಿಗೆ ಹೋಗಬೇಕಾಯಿತು. ಈ ಸಲ ಹಾಗೆ ಆಗಬಾರದು ಅಂತಲೇ ಮೊದಲೇ ಬರೆಯುತ್ತಿದ್ದೇನೆ.

'ಇತರೆ' ಅನ್ನುವುದು ಲೆಕ್ಕವನ್ನೂ ಕೆಡಿಸುತ್ತದೆ. 2011ರ ಜನಗಣತಿಯಲ್ಲಿ ಗಂಡಿಗೆ 1, ಹೆಣ್ಣಿಗೆ 2, ಇತರೆಗೆ 3 ಅಂತ ಸಂಖ್ಯೆ ಕೊಟ್ಟಿದ್ದರು. ದೇಶದಲ್ಲಿ 'ಇತರೆ' 4,87,803 ಬಂತು, ಕರ್ನಾಟಕದಲ್ಲಿ 20,266. ಇದನ್ನೇ ಟ್ರಾನ್ಸ್‌ಜೆಂಡರ್ ಜನಸಂಖ್ಯೆ ಅಂತ ಎಲ್ಲಾ ವರದಿಗಳಲ್ಲೂ ಬರೆಯುತ್ತಾರೆ. ಆದರೆ ಆ 4,87,803ರಲ್ಲಿ 54,854 ಜನ 0-6 ವಯಸ್ಸಿನ ಮಕ್ಕಳು! ಎರಡು ವರ್ಷದ ಕೂಸು ತಾನು ಯಾರು ಅಂತ ಹೇಳಿಕೊಂಡಿರಲು ಸಾಧ್ಯವಾ? ಮನೆಯ ಯಜಮಾನರು ಹೇಳಿದ್ದನ್ನು ಬರೆದುಕೊಂಡು ಬಂದ ಲೆಕ್ಕ ಅದು. ದೊಡ್ಡವರ ವಿಷಯದಲ್ಲೂ ಅಷ್ಟೇ. ಮನೆ ಬಾಗಿಲಲ್ಲಿ ಅಪ್ಪನ ಎದುರು, ಪಕ್ಕದ ಮನೆಯವರು ಕೇಳಿಸಿಕೊಳ್ಳುತ್ತಿರುವಾಗ 'ಇತರೆ' ಅಂತ ಎಷ್ಟು ಜನ ಹೇಳಿಯಾರು?

ಈಗ 2027ರ ಜನಗಣತಿ ಎದುರಿಗಿದೆ. ಮಾರ್ಚ್ 1, 2027 ಲೆಕ್ಕದ ದಿನ. ನಮೂನೆ ಕೇಂದ್ರದ್ದು, ಒಪ್ಪಿದೆ. ಆದರೆ ಮನೆ ಮನೆಗೆ ಹೋಗುವವರು ನಮ್ಮ ರಾಜ್ಯದ ಮೇಷ್ಟ್ರುಗಳು, ಟೀಚರಮ್ಮಂದಿರು. ಆ ಪ್ರಶ್ನೆಯನ್ನು ಹೇಗೆ ಕೇಳಬೇಕು, ಯಾವ ಪದ ಬಳಸಬಾರದು, ಮುಖ ನೋಡಿ ತಾವೇ ತುಂಬಬಾರದು, ಇಷ್ಟನ್ನು ಅವರ ತರಬೇತಿಯಲ್ಲಿ ಹೇಳಿಕೊಡುವುದು ನಿಮ್ಮ ಕೈಯಲ್ಲಿದೆ. ನನ್ನ ಕೇಂದ್ರದಲ್ಲಿ ನಾನು ಈಗ ಆ ಕಾಲಂ ಬಂದಾಗ ಬಾಯಿಬಿಟ್ಟು ಕೇಳುವುದೇ ಇಲ್ಲ. ಮಾನಿಟರ್ ಅವರ ಕಡೆ ತಿರುಗಿಸಿ ಮೌಸ್ ಕೊಟ್ಟುಬಿಡುತ್ತೇನೆ. ಎಲ್ಲರಿಗೂ, ಗಂಡಸರು ಹೆಂಗಸರಿಗೂ. ಹಿಂದೆ ಕ್ಯೂನಲ್ಲಿ ನಿಂತವರಿಗೆ ಏನೂ ಕೇಳಿಸುವುದಿಲ್ಲ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಕಡೆಯದಾಗಿ ಪತ್ರಿಕೆಗಳ ಮಾತು. ಅದು ಸಂಪಾದಕರಿಗೆ ಬರೆಯಬೇಕಾದ್ದಲ್ವಾ ಅಂತ ನೀವು ಕೇಳಬಹುದು. ಆದರೆ ಎಷ್ಟೋ ಸುದ್ದಿ ಹುಟ್ಟುವುದು ವಾರ್ತಾ ಇಲಾಖೆಯ ಪ್ರಕಟಣೆಯಿಂದ, ಪೊಲೀಸರ ಪ್ರೆಸ್ ನೋಟ್‌ನಿಂದ. ಅಲ್ಲಿ 'ಸಲಿಂಗಕಾಮಿ' ಅಂತ ಇದ್ದರೆ ಮರುದಿನ ತಲೆಬರಹದಲ್ಲೂ ಅದೇ. ಗಂಡು-ಹೆಣ್ಣು ಓಡಿಹೋದರೆ 'ಪ್ರೇಮಿಗಳು', ಇಬ್ಬರು ಹೆಣ್ಣುಮಕ್ಕಳು ಓಡಿಹೋದರೆ ಕಾಮ ಎಲ್ಲಿಂದ ಬಂತು? ಸಲಿಂಗಿ, ಸಲಿಂಗ ಪ್ರೇಮಿ ಅಂದರೆ ಸಾಕು. 'ದ್ವಿಲಿಂಗಿ' ಅಂತ ಅನುವಾದ ಮಾಡಿ ಬಿಡುವವರೂ ಇದ್ದಾರೆ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ದಾಸವಾಳವೂ ದ್ವಿಲಿಂಗಿಯೇ. ಗಂಡು ಹೆಣ್ಣು ಇಬ್ಬರನ್ನೂ ಪ್ರೀತಿಸಬಲ್ಲ ಮನುಷ್ಯರಿಗೆ ಹೂವಿನ ಪಾಠದ ಪದ ಬೇಡ, 'ಬೈಸೆಕ್ಷುಯಲ್' ಅಂತ ಕನ್ನಡ ಅಕ್ಷರದಲ್ಲೇ ಬರೆಯಿರಿ, ಓದುವವರಿಗೆ ತಿಳಿಯುತ್ತದೆ. ಬಸ್ಸು, ಬ್ಯಾಂಕು, ಪೊಲೀಸು ಬಂದ ದಾರಿಯಲ್ಲೇ ಅದೂ ಬರಲಿ.

ಒಂದು ವಿಷಯದಲ್ಲಿ ಕನ್ನಡ ನಮಗೆ ಪುಕ್ಕಟೆ ಸಹಾಯ ಮಾಡುತ್ತದೆ. 'ಅವನು', 'ಅವಳು' ಗೊಂದಲ ಇದ್ದ ಕಡೆ 'ಅವರು' ಇದೆ. 'ಅವರು ಬಂದರು, ಹೇಳಿದರು' ಅಂದರೆ ಗಂಡೋ ಹೆಣ್ಣೋ ಹೇಳುವ ಅಗತ್ಯವೂ ಇಲ್ಲ, ಮರ್ಯಾದೆಯೂ ಉಳಿಯಿತು. ಇಂಗ್ಲಿಷಿನವರು ಇದಕ್ಕಾಗಿ ವರ್ಷಗಟ್ಟಲೆ ಜಗಳ ಆಡುತ್ತಿದ್ದಾರೆ. ನಮ್ಮ ಪ್ರೆಸ್ ನೋಟ್‌ಗಳಲ್ಲಿ ಮಾತ್ರ ಶಾಸಕರಿಗೆ 'ಅವರು', ಟ್ರಾನ್ಸ್ ಮಹಿಳೆ ದೂರು ಕೊಡಲು ಬಂದರೂ 'ಅವನು'.

ಪಕ್ಕದ ತಮಿಳುನಾಡಿನಲ್ಲಿ ಏನಾಯಿತು ಅಂತ ನಿಮಗೆ ಗೊತ್ತೇ ಇರುತ್ತದೆ. ಮನೆಯವರಿಗೆ ಹೆದರಿ ಮದುರೈಯಿಂದ ಚೆನ್ನೈಗೆ ಬಂದ ಇಬ್ಬರು ಯುವತಿಯರ ಅರ್ಜಿ ಕೇಳುವಾಗ, ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಈ ವಿಷಯ ತಮಗೇ ಸರಿಯಾಗಿ ತಿಳಿಯಬೇಕು ಅಂತ ಮನಃಶಾಸ್ತ್ರಜ್ಞರ ಹತ್ತಿರ ಕೂತು ಕಲಿತರು. 2021ರ ಜೂನ್‌ನಲ್ಲಿ ಆದೇಶ ಕೊಟ್ಟರು. ಅದೇ ಪ್ರಕರಣ ಮುಂದುವರಿದು 2022ರಲ್ಲಿ ಅಲ್ಲಿಯ ಸರ್ಕಾರ ಒಂದು ಪದಪಟ್ಟಿ ಹೊರಡಿಸಿತು, ಪತ್ರಿಕೆಯವರೂ ಅದನ್ನು ಬಳಸಬೇಕು ಅಂತ ಕೋರ್ಟು ಹೇಳಿತು. ಟ್ರಾನ್ಸ್ ಮಹಿಳೆಗೆ ತಿರುನಂಗೈ, ಟ್ರಾನ್ಸ್ ಪುರುಷನಿಗೆ ತಿರುನಂಬಿ ಅಂತ ಅಲ್ಲಿ ಜನರ ಬಾಯಲ್ಲೇ ಪದಗಳಿವೆ. ನಮ್ಮಲ್ಲೂ ಅಂಥ ಒಂದು ಪಟ್ಟಿ ಆಗಲಿ. ಆದರೆ ದಯವಿಟ್ಟು ಪಂಡಿತರ ಸಮಿತಿ ಮಾಡಿ, ಬಾಯಲ್ಲಿ ತಿರುಗದ ಸಂಸ್ಕೃತ ಸಮಾಸ ಹೊಸೆದು ಕೊಡಬೇಡಿ. ಸವದತ್ತಿಯ ಜೋಗಪ್ಪ, ಬೆಂಗಳೂರಿನ ಹಮಾಮಿನಲ್ಲಿ (ಹಿಜ್ರಾಗಳು ಒಟ್ಟಿಗೆ ಇರುವ ಮನೆ) ಇರುವ ಹಿಜ್ರಾ, ಟ್ರಾನ್ಸ್ ಪುರುಷರು, ಅಂತರಲಿಂಗಿಗಳು, ಸಲಿಂಗಿ ಹುಡುಗ ಹುಡುಗಿಯರು, ಇವರನ್ನು ಕೂರಿಸಿಕೊಂಡು ಮಾಡಿ. ಅವರೊಳಗೇ ಒಮ್ಮತ ಬರಲಿಕ್ಕಿಲ್ಲ, ಬರದಿದ್ದರೆ ಎರಡು ಪದ ಇರಲಿ. ಐದು ವರ್ಷ ಬಿಟ್ಟು ಬದಲಾಯಿಸಬೇಕಾಗಿ ಬಂದರೆ ಬದಲಾಯಿಸೋಣ.

ನನ್ನ ಕೋರಿಕೆಯನ್ನು ಒಟ್ಟಿಗೇ ಇಡುತ್ತೇನೆ. ರಾಜ್ಯದ ಎಲ್ಲಾ ಅರ್ಜಿಗಳ ಲಿಂಗದ ಕಾಲಂನಿಂದ 'ಇತರೆ' ತೆಗೆದು, ಒಂದೇ ರೀತಿಯ ಆಯ್ಕೆಗಳನ್ನೂ ಖಾಲಿ ಸಾಲನ್ನೂ ಕೊಡುವಂತೆ ಸುತ್ತೋಲೆ ಹೊರಡಿಸಿ. ಸೌಲಭ್ಯದ ಪ್ರಶ್ನೆಯನ್ನು ಬೇರೆ ಮಾಡಿ. ಆಧಾರ್‌ನ ಪದಕ್ಕೂ ರಾಜ್ಯದ ಅರ್ಜಿಯ ಪದಕ್ಕೂ ವ್ಯತ್ಯಾಸ ಇದೆ ಅನ್ನುವ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದು ಅಂತ ಬರೆಯಿರಿ, ಇದು ನಾಳೆಯೇ ಆಗಬಹುದಾದ ಕೆಲಸ. ಶ್ರೀ, ಶ್ರೀಮತಿ ಕಡ್ಡಾಯ ಬೇಡ. ಸಂಬಂಧದ ಕಾಲಂಗೆ ಗುರು, ಸಂಗಾತಿ ಎರಡೂ ಸೇರಲಿ. ವಾರ್ತಾ ಇಲಾಖೆಗೂ ಪೊಲೀಸ್ ಇಲಾಖೆಗೂ ಪದಪಟ್ಟಿ ಹೋಗಲಿ. ಗಣತಿಯವರ ತರಬೇತಿಯಲ್ಲಿ ಈ ವಿಷಯಕ್ಕೆ ಒಂದು ಗಂಟೆ ಇಡಿ, ಪಾಠ ಮಾಡಲು ಸಮುದಾಯದವರನ್ನೇ ಕರೆಯಿರಿ, ಅವರಿಗೆ ಸಂಭಾವನೆಯನ್ನೂ ಕೊಡಿ.

ಈ ಪತ್ರವನ್ನು ಯಾವ ಇಲಾಖೆಗೆ ಕಳಿಸಿದ್ದೀರಿ, ಅಲ್ಲಿ ಯಾರು ನೋಡುತ್ತಾರೆ ಅಂತ ಒಂದು ಸಾಲಿನ ಉತ್ತರ ಸಿಕ್ಕರೂ ಸಾಕು. ನಮೂನೆಯ ಹೊಸ ಕರಡು ಆದಾಗ, ಅದನ್ನು ಜನರ ಎದುರು ತುಂಬಿ ನೋಡಲು ನಮ್ಮಂಥ ಕೇಂದ್ರಗಳಿಗೆ ಮೊದಲೇ ಕಳಿಸಿ. ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಒಂದು ವಾರದಲ್ಲಿ ಹೇಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಂದು ತಾಲ್ಲೂಕು ಊರಿನ ಅರ್ಜಿ ಕೇಂದ್ರದವ